ಅ ಅಂದರೆ ಅಟ್ಟಿ

ಸಂಜೆ ಹೊತ್ತು ಕೇರಿಯ ಹೈಕಳಿಗೆ ಅಕ್ಷರ ಹೇಳಿಕೊಡಲು ಹೊರಟಿರುವ ನಾವು ಒಂದು ಮಾತು ನೆನಪಿಡೋಣ. ಮಗು ಬರಿಗೈಲಿ ಬರೋದಿಲ್ಲ. ಸ್ವರ ಆಗಲೇ ಅದರ ಬಾಯಲ್ಲಿದೆ. ಕಲಿಯಬೇಕಾದ್ದು ಅದರ ಗುರುತು ಮಾತ್ರ.

ಕನ್ನಡದ ಸ್ವರ 13. ಅವುಗಳಲ್ಲಿ ಅ-ಆ, ಇ-ಈ, ಉ-ಊ, ಎ-ಏ, ಒ-ಓ ಈ 5 ಜೋಡಿಯನ್ನು ಮೊದಲು ಕಿವಿಗೆ ಹಾಕೋಣ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಚಪ್ಪಾಳೆಯೂ ಹಾಗೇ. ಬಳೆ-ಬಾಳೆ, ಒಲೆ-ಓಲೆ. ಎಳೆದರೆ ಅರ್ಥವೇ ಬೇರೆ. ಇದು ತಿಳಿದ ಮೇಲೆ ಬಳಪ. ಋಷಿಯ ಋ ನಿಧಾನಕ್ಕೆ ಬರಲಿ; ಈಚಲು, ಊಟ, ಏಡಿ ಮೊದಲು. ಸಂಸ್ಕೃತದಲ್ಲಿ ಹ್ರಸ್ವ ಎ, ಒ ಇಲ್ಲ. ನಮ್ಮವ್ವನ ಎಸರಲ್ಲಿ, ಒಲೆಯಲ್ಲಿ ಇವೆ.

ಹಳೇ ಮೈಸೂರು ಕಡೆಯ ನಮ್ಮ ಮಗು ‘ಅ’ಗೆ ‘ಅಟ್ಟಿ’ ಅಂತದೆ, ‘ಆ’ಗೆ ‘ಆಲು’ ಅಂತದೆ. ತಪ್ಪು ಅಂತ ಗದರಿಸಿದರೆ ಬಾಯಿ ಮುಚ್ಚಿಕೊಳ್ಳತದೆ. ಮುಚ್ಚಿದ ಬಾಯಲ್ಲಿ ಯಾವ ಸ್ವರವೂ ಹುಟ್ಟೋದಿಲ್ಲ. ಅದರ ಕಿವಿ ಸರಿಯಾಗೇ ಇದೆ. ತಾನಾಡುವ ಮಾತಲ್ಲಿ ‘ಆ’ ಕೇಳಿಸಿದೆ. ಮೊದಲು ‘ಸರಿ ಕಣಪ್ಪ’ ಅನ್ನೋಣ. ಆಮೇಲೆ ಅಂಗೈಯನ್ನು ಬಾಯಿ ಮುಂದೆ ಹಿಡಿಸಿ ‘ಹಾ’ ಅನ್ನಿಸೋಣ. ಬಿಸಿಯುಸಿರು ತಾಕಿತೇ? ಅದು ಪುಸ್ತಕದ ಹಾಲು. ಮನೆಯ ಆಲು, ಪುಸ್ತಕದ ಹಾಲು ಎರಡೂ ನಿನ್ನವೇ ಅಂತ ಹೇಳೋಣ.

ದೇವನೂರ ಮಹಾದೇವ ‘ಕುಸುಮಬಾಲೆ’ಯನ್ನು ನಂಜನಗೂಡು ಸೀಮೆಯ ಆಡುಮಾತಲ್ಲೇ ಬರೆದರು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಕಾಡೆಮಿ ಒಪ್ಪಿದ ಮಾತನ್ನು ಒಂದನೇ ಕ್ಲಾಸು ಒಪ್ಪಬಾರದೇ?

ಬೆತ್ತ ಬೇಡ ಗೆಳೆಯರೇ, ಚಪ್ಪಾಳೆ ಸಾಕು.