‘ನಾನೇಕೆ ಬೀಳುತ್ತೇನೆ?’ ಎನ್ನುವ ಹಿರಿಯರು



ಕುಟುಂಬದ ಕ್ಷೇಮದಲ್ಲಿ ತಾಯಿ-ಮಕ್ಕಳ ಆರೋಗ್ಯದ ಜೊತೆಗೆ ಮನೆಯ ಹಿರಿಯರ ಆರೋಗ್ಯವೂ ಸೇರಿದೆ. ಅವರು ಜಾರಿ ಬೀಳುವ ವಿಷಯವನ್ನು ಕುರಿತು ಇಂದು ನಾಲ್ಕು ಮಾತು ಹೇಳಬಯಸುತ್ತೇನೆ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಯಾವ ಹಳ್ಳಿಯಲ್ಲೇ ಆಗಲಿ, ಎಪ್ಪತ್ತು ದಾಟಿದ ತಾತನವರಿಗೆ ‘ಬಿದ್ದೀರಿ, ಜೋಪಾನ’ ಎಂದು ಹೇಳಿ ನೋಡಿ. ‘ರಾಗಿ ಮೂಟೆ ಹೊತ್ತ ಕಾಲು ಇದು, ನಾನೇಕೆ ಬೀಳುತ್ತೇನೆ?’ ಎಂಬ ಉತ್ತರ ಬರುವುದುಂಟು. ಹಿಂದೊಮ್ಮೆ ಬಿದ್ದುದನ್ನು ನೆನಪಿಸಿದರೆ, ಅಂಗಳ ಒದ್ದೆಯಾಗಿತ್ತು, ಕರು ಹಗ್ಗ ಎಳೆಯಿತು ಎನ್ನುತ್ತಾರೆ. ಕಾಲಿನ ಶಕ್ತಿ ಕುಂದಿದ್ದು, ಕಣ್ಣಿಗೆ ಪೊರೆ ಬಂದದ್ದು ಅವರ ಲೆಕ್ಕಕ್ಕೆ ಬರುವುದಿಲ್ಲ. ಅದೇ ಒದ್ದೆ ಅಂಗಳದಲ್ಲಿ ನೀವೂ ಜಾರಿರಬಹುದು, ಆದರೆ ಸಾವರಿಸಿಕೊಂಡಿರುತ್ತೀರಿ.

ಕೆಲವರು ಬಿದ್ದುದನ್ನು ಬಾಯಿಬಿಡುವುದೇ ಇಲ್ಲ. ಹೇಳಿದರೆ ಮಕ್ಕಳು ಹೊಲಕ್ಕೆ ಹೋಗಗೊಡಲಾರರು ಎಂಬ ಅಂಜಿಕೆ. ಇದನ್ನು ಹಟವೆಂದು ನಾನು ಕರೆಯಲಾರೆ. ದುಡಿದು ಬದುಕಿದವರಿಗೆ ಕೋಲು ಹಿಡಿಯುವುದು ಸುಲಭವಲ್ಲ.

ತದ್ವಿರುದ್ಧ ಸ್ವಭಾವದವರೂ ಇದ್ದಾರೆ. ಒಮ್ಮೆ ಬಿದ್ದ ಅಜ್ಜಿ, ಪೆಟ್ಟು ಮಾಗಿದ ಮೇಲೂ ಜಗುಲಿ ಬಿಟ್ಟಿಳಿಯುವುದಿಲ್ಲ. ಕುಳಿತಷ್ಟೂ ತೊಡೆಯ ಸ್ನಾಯುಗಳು ಸೊರಗಿ, ಬೀಳುವ ಸಂಭವ ಇನ್ನೂ ಹೆಚ್ಚುತ್ತದೆ. ಆಸ್ಟ್ರೇಲಿಯಾದ ಸಿಡ್ನಿ ನಗರದಲ್ಲಿ 70ರಿಂದ 90 ವರ್ಷದ 500 ಮಂದಿಯನ್ನು ಪರೀಕ್ಷಿಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಸುಮಾರು ಮೂವರಲ್ಲಿ ಒಬ್ಬರ ಅಂದಾಜು ಅವರ ದೇಹದ ನಿಜಸ್ಥಿತಿಗೆ ಹೊಂದಿರಲಿಲ್ಲ. ಕೆಲವರಿಗೆ ಅಪಾಯವಿದ್ದೂ ಅಳುಕಿರಲಿಲ್ಲ, ಕೆಲವರಿಗೆ ಅಪಾಯಕ್ಕೆ ಮೀರಿದ ಭಯವಿತ್ತು.

ಆದುದರಿಂದ ಹಿರಿಯರ ಮಾತನ್ನು ಕೇಳಿ, ನಡಿಗೆಯನ್ನೂ ನೋಡಿ. ಗೋಡೆ ಹಿಡಿದು ನಡೆಯುತ್ತಾರೆಯೇ? ಕೈಯೂರದೆ ಕುರ್ಚಿಯಿಂದ ಏಳಬಲ್ಲರೇ? ಎದ್ದೊಡನೆ ತಲೆ ಸುತ್ತುತ್ತದೆಯೇ? ಕಳೆದ ಒಂದು ವರ್ಷದಲ್ಲಿ ಬಿದ್ದಿದ್ದಾರೆಯೇ? ಒಮ್ಮೆ ಬಿದ್ದವರು ಮತ್ತೆ ಬೀಳುವ ಸಂಭವ ಹೆಚ್ಚು. ಇವುಗಳಲ್ಲಿ ಒಂದು ಕಂಡರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತನ್ನಿ. ಅವರು ನುಂಗುವ ಮಾತ್ರೆಗಳನ್ನೂ ತನ್ನಿ. ರಕ್ತದೊತ್ತಡದ ಅಥವಾ ನಿದ್ರೆಯ ಮಾತ್ರೆಯಿಂದಲೂ ತಲೆ ಸುತ್ತಬಹುದು, ಆದರೆ ನೀವಾಗಿಯೇ ಅವನ್ನು ನಿಲ್ಲಿಸಬೇಡಿ.

ಹೇಳುವ ರೀತಿಯಲ್ಲಿ ಬಹಳವಿದೆ. ‘ವಯಸ್ಸಾಯಿತು, ಸುಮ್ಮನೆ ಕೂತಿರಿ’ ಎಂದರೆ ಯಾರೂ ಕಿವಿಗೊಡರು. ಸೊಸೆಯಾದವಳು ‘ಮಾವ, ನೀವು ದಿನವೂ ತೋಟಕ್ಕೆ ಹೋಗಿಬರಬೇಕು, ಅದಕ್ಕೇ ಈ ಕೋಲು’ ಎಂದು ಕೈಗಿತ್ತರೆ ಬಹುಶಃ ಬೇಡವೆನ್ನರು. ಅತ್ತೆಯವರನ್ನು ಕುರ್ಚಿಯಿಂದ ಹತ್ತು ಬಾರಿ ಏಳಿಸಿ ಕೂರಿಸುವುದೂ ಒಳ್ಳೆಯ ವ್ಯಾಯಾಮ. ನೀವು ಪಕ್ಕದಲ್ಲೇ ನಿಂತಿರಿ. ಬಚ್ಚಲಿನ ಪಾಚಿಯನ್ನು ಉಜ್ಜಿ ತೆಗೆದು, ಹಿಡಿದುಕೊಳ್ಳಲು ಗೋಡೆಗೊಂದು ಕಂಬಿ ಹಾಕಿಸಿ. ರಾತ್ರಿ ಹೊಸ್ತಿಲ ಬಳಿ ದೀಪವಿರಲಿ.

ಬಿದ್ದವರಿಗೆ ತೊಡೆಯ ಸಂದಿನಲ್ಲಿ ನೋವಿದ್ದು ಕಾಲೂರಲಾಗದಿದ್ದರೆ, ಎಳೆದು ನಿಲ್ಲಿಸಬೇಡಿ, ಎಣ್ಣೆ ಹಚ್ಚಿ ನೀವಬೇಡಿ. ಮೂಳೆ ಮುರಿದು ಹಾಸಿಗೆ ಹಿಡಿದ ವೃದ್ಧರಿಗೆ ಶ್ವಾಸಕೋಶದ ಸೋಂಕು, ಬೆನ್ನಹುಣ್ಣು ಬೇಗ ಅಂಟಿಕೊಂಡು ಪ್ರಾಣಕ್ಕೇ ಸಂಚಕಾರ ಬರಬಹುದು. ಅಲುಗಾಡಿಸದೆ ಮಲಗಿಸಿ, ತಡಮಾಡದೆ 108ಕ್ಕೆ ಕರೆ ಮಾಡಿ.