ಮಸಾರಿ ನೆಲದ ಬಿಳಿ ದ್ರಾಕ್ಷಾರಸ

ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಎಂದೊಡನೆ ನಮ್ಮ ಕಣ್ಣೆದುರು ಬರುವುದು ಜೋಳ, ಸಜ್ಜೆ, ಕಲ್ಲುಗುಡ್ಡ ಮತ್ತು ಮಳೆಯ ದಾರಿ ಕಾಯುವ ರೈತ. ಗಂಗಾವತಿಯ ಮಾತು ಬೇರೆ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಎದ್ದು ನಿಂತ ಮೇಲೆ ಎಡದಂಡೆಯ ಕಾಲುವೆ ಅಲ್ಲಿ ಬತ್ತದ ಹಸಿರನ್ನು ಹಾಸಿತು. ಕುಷ್ಟಗಿಯ ಎತ್ತರದ ನೆಲಕ್ಕೆ ಆ ಕಾಲುವೆ ಏರಿ ಬರಲಿಲ್ಲ.

ಇಂಥ ನೆಲದಿಂದ ಸೀಸೆ ತುಂಬಿ ಹೊರಟ ಒಂದು ಬಿಳಿ ದ್ರಾಕ್ಷಾರಸದ ವಿಷಯವಾಗಿ ಈಗ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಕುಡಿಯಿರಿ ಎಂದು ಹೇಳಲು ಬಂದವನಲ್ಲ ನಾನು. ಕುಡಿತ ಕೆಡಿಸಿದ ಮನೆಗಳನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಇದು ಬೇಸಾಯದ ಮಾತೂ ಹೌದು. ನಮ್ಮ ಹೊಲ ಏನನ್ನು ಬೆಳೆಯಬಲ್ಲದೆಂದು ತಿಳಿಯುವುದರಲ್ಲಿ ದೋಷವಿಲ್ಲ.

ಹೈದರಾಬಾದಿನ ಔಷಧೋದ್ಯಮಿ ಕೃಷ್ಣಪ್ರಸಾದ ಚಿಗುರುಪಾಟಿ ಮತ್ತು ಅವರ ಪತ್ನಿ ಉಮಾ ಈ ಶತಮಾನದ ಮೊದಲ ದಶಕದಲ್ಲಿ ಕುಷ್ಟಗಿ ತಾಲೂಕಿನ ಹನುಮನಾಳದ ಕಡೆ ತೋಟ ಹಾಕಲು ಹೊರಟರು. ಕೃಷ್ಣ ಮತ್ತು ಉಮಾ ಎಂಬ ಎರಡು ಹೆಸರು ಕೂಡಿ ತೋಟದ ಹೆಸರು ಕ್ರಿಸ್ಮಾ ಆಯಿತು. ಏಳು ಖಂಡಗಳಲ್ಲಿಯೂ ಮ್ಯಾರಥಾನ್ ಓಡಿದ ದಂಪತಿಗಳು ಇವರು. ದೀರ್ಘ ಓಟದ ತಾಳ್ಮೆ ದ್ರಾಕ್ಷಿಯ ಬಳ್ಳಿಗೂ ಬೇಕು. ನೆಟ್ಟ ವರ್ಷವೇ ಅದು ಫಲ ಕೊಡುವುದಿಲ್ಲ.

ಅಲ್ಲಿನ ಬಿಳಿ ತಳಿಗಳಲ್ಲಿ ಒಂದು ಫ್ರಾನ್ಸಿನ ಸೋವಿನ್ಯೋಂ ಬ್ಲಾಂ. ಕಾಡು ಎಂಬರ್ಥದ ಫ್ರೆಂಚ್ ಮಾತಿನಿಂದ ಆ ಹೆಸರು ಬಂದಿತೆನ್ನುತ್ತಾರೆ. ಜಗತ್ಪ್ರಸಿದ್ಧವಾದ ಕೆಂಪು ದ್ರಾಕ್ಷಿ ಕ್ಯಾಬರ್ನೆ ಸೋವಿನ್ಯೋಂಗೆ ಈ ಬಿಳಿ ದ್ರಾಕ್ಷಿಯೇ ಹೆತ್ತವರಲ್ಲಿ ಒಂದೆಂದು 1997ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ತೋರಿಸಿಕೊಟ್ಟರು. ಕ್ರಿಸ್ಮಾ ತೋಟದಲ್ಲಿ ಆ ಕೆಂಪು ತಳಿಯೂ ಉಂಟು.

ಅನೇಕ ದ್ರಾಕ್ಷಾರಸಗಳನ್ನು ಓಕ್ ಮರದ ಪೀಪಾಯಿಯಲ್ಲಿಟ್ಟು ಹದ ಮಾಡುವರು. ಮರ ತನ್ನ ಒಗರನ್ನೂ ವೆನಿಲಾದಂಥ ಕಂಪನ್ನೂ ರಸಕ್ಕೆ ಕೊಡುತ್ತದೆ. ಓಕ್ ಮುಟ್ಟದ ಬಿಳಿ ರಸದ ರೀತಿ ಬೇರೆ. ಹಣ್ಣನ್ನು ತಂಪು ಹೊತ್ತಿನಲ್ಲಿ ಕೊಯ್ದು, ಕೂಡಲೇ ಹಿಂಡಿ, ಸಿಪ್ಪೆ ಬೇರ್ಪಡಿಸಿ, ತಣ್ಣಗಿಟ್ಟ ಉಕ್ಕಿನ ತೊಟ್ಟಿಯಲ್ಲಿ ಹುದುಗಿಸಿ, ಹೆಚ್ಚು ಕಾಯಿಸದೆ ಸೀಸೆಗೆ ತುಂಬುವರು. ಮಸಾಲೆ ಹಾಕಿದ ಪಲ್ಯದಲ್ಲಿ ಬದನೆಯ ಕುಂದು ಮುಚ್ಚಿಹೋದೀತು; ಬರಿಯ ಜೋಳದ ರೊಟ್ಟಿಯಲ್ಲಿ ಜೋಳದ ಕುಂದು ಮುಚ್ಚುವಂತಿಲ್ಲ. ಈ ರಸವೂ ಹಾಗೆಯೇ. ಹಣ್ಣು ಹೇಗೋ ರಸ ಹಾಗೆ.

ಕಷ್ಟವಿರುವುದು ಅಲ್ಲಿಯೇ. ಬಿಳಿ ರಸದ ಜೀವ ಅದರ ಹುಳಿ. ಬಿಸಿಲು ಏರಿದಂತೆ ಸಕ್ಕರೆ ಬೇಗನೆ ಹೆಚ್ಚುತ್ತದೆ. ಸೇಬಿನಲ್ಲಿರುವ ಮ್ಯಾಲಿಕ್ ಎಂಬ ಹುಳಿಯನ್ನು ಕಾಯಿ ತಾನೇ ಸುಟ್ಟುಕೊಳ್ಳುತ್ತದೆ. ಈ ತಳಿಯ ಹಸಿರು ಸೊಪ್ಪಿನಂಥ ಪರಿಮಳವೂ ಕುಗ್ಗುತ್ತದೆ. ಕುಷ್ಟಗಿಯ ಬೇಸಿಗೆಯಲ್ಲಿ ಹಣ್ಣಾಗಬಿಟ್ಟರೆ ಉಳಿಯುವುದು ಬರಿಯ ಸಿಹಿ. ಫ್ರಾನ್ಸಿನಲ್ಲಿ ಬಳ್ಳಿ ಚಳಿಗಾಲವೆಲ್ಲ ಮಲಗುತ್ತದೆ. ಇಲ್ಲಿ ಅದಕ್ಕೆ ನಿದ್ರೆಯಿಲ್ಲ. ಆದ್ದರಿಂದ ನಮ್ಮ ದ್ರಾಕ್ಷಿಯ ರೈತರು ವರ್ಷಕ್ಕೆ ಎರಡು ಸಲ ಕತ್ತರಿ ಆಡಿಸುವರು. ಏಪ್ರಿಲ್ ಚಾಟಣಿ ಕಡ್ಡಿಗಾಗಿ, ಅಕ್ಟೋಬರದ ಸುಮಾರಿನ ಚಾಟಣಿ ಹಣ್ಣಿಗಾಗಿ. ಹೀಗೆ ಮಾಡಿದರೆ ಹಣ್ಣು ಚಳಿಗಾಲದ ತಂಪು ರಾತ್ರಿಗಳಲ್ಲಿ ಬಲಿತು, ಬಿರುಬೇಸಿಗೆ ಕಾಲಿಡುವ ಮುನ್ನ ಕೊಯ್ಲಿಗೆ ಬರುತ್ತದೆ. ನೀರು ಬೇಗ ಇಳಿದುಹೋಗುವ ಕೆಂಪು ಮಸಾರಿ ನೆಲ, ಹನಿಹನಿಯಾಗಿ ಉಣಿಸಿದ ನೀರು, ಎರಡೂ ಬಳ್ಳಿಯನ್ನು ಹಿಡಿತದಲ್ಲಿಡುತ್ತವೆ. ಜೋಳಕ್ಕೆ ಬಡವಾದ ನೆಲ ಬಳ್ಳಿಗೆ ಬಡವಲ್ಲ.

ರೈತನು ಮರೆಯಬಾರದ ಒಂದು ಮಾತುಂಟು. ರಸದ ದ್ರಾಕ್ಷಿ ಸಣ್ಣದು, ಬೀಜ ಹೆಚ್ಚು. ಸಂತೆಯಲ್ಲಿ ಅದನ್ನು ಕೊಳ್ಳುವವರಿಲ್ಲ. ಕೊಳ್ಳುವ ಕಾರ್ಖಾನೆ ಗೊತ್ತಾಗದೆ ನೆಡುವುದು ಜೂಜು. ಸ್ವಂತ ತೋಟ, ಸ್ವಂತ ಕಾರ್ಖಾನೆ ಇದ್ದವರಿಗೆ ಒದಗಿದ್ದು ನಾಲ್ಕೆಕರೆಯವನಿಗೂ ಒದಗೀತೆಂದು ನಂಬಬಾರದು.

ಕಡೆಯದಾಗಿ ಹೆಸರಿನ ಮಾತು. ಈ ತೋಟ ಲೋಕಕ್ಕೆ ಪರಿಚಯವಾಗಿರುವುದು ಹಂಪಿಯ ಬೆಟ್ಟಗಳ ತೋಟವೆಂದು. ಹಂಪಿ ಇರುವುದು ತುಂಗಭದ್ರೆಯ ಆಚೆ ದಡದಲ್ಲಿ, 2021ರಲ್ಲಿ ಆದ ವಿಜಯನಗರ ಜಿಲ್ಲೆಯಲ್ಲಿ. ಹಂಪಿಗೂ ದ್ರಾಕ್ಷಿಗೂ ನಂಟಿಲ್ಲವೆಂದಲ್ಲ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ವಿಜಯನಗರದ ಪೇಟೆಯಲ್ಲಿ ಒಂದು ಹಣಕ್ಕೆ ಮೂರು ಗೊಂಚಲು ದ್ರಾಕ್ಷಿ ಸಿಗುತ್ತಿತ್ತೆಂದು ಬರೆದಿಟ್ಟಿದ್ದಾನೆ. ಪರದೇಶದವರಿಗೆ ಹಂಪಿ ಗೊತ್ತು, ಕುಷ್ಟಗಿ ಗೊತ್ತಿಲ್ಲ. ವ್ಯಾಪಾರದವರ ತೊಡಕು ನಮಗೆ ಅರ್ಥವಾಗುತ್ತದೆ. ಆದರೂ ಕಿನ್ನಾಳದ ಬಣ್ಣದ ಗೊಂಬೆ ಕಿನ್ನಾಳದ ಹೆಸರಿನಿಂದಲೇ ದೇಶ ಸುತ್ತಿತು. ಬೇರೆ ಊರಿನ ಹೆಸರು ಅದಕ್ಕೆ ಬೇಕಾಗಲಿಲ್ಲ. ಮಣ್ಣಿನ ರುಚಿಯನ್ನು ಮರೆಮಾಚದ ರಸ ಆ ಮಣ್ಣಿನ ಹೆಸರನ್ನೂ ಮರೆಮಾಚದಿರಲಿ ಎಂದು ಬಯಸಿದರೆ ಅತಿಯಾಸೆಯಾಗದು.