ಚಳಿಗಾಲದ ಕಡಲಂಚಿನಲ್ಲಿ ಕಾಡ್ ಮೀನು

ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ ಡಂಜನೆಸ್ ಎಂಬ ಬೆಣಚುಕಲ್ಲಿನ ಕಡಲತೀರವುಂಟು. ಜನರೆಲ್ಲ ಅಗ್ಗಿಷ್ಟಿಕೆಯ ಬಳಿ ಸೇರುವ ಮಾಗಿಯ ರಾತ್ರಿಗಳಲ್ಲಿ ಗಾಳ ಹಾಕುವವರು ಅಲ್ಲಿ ನಿಂತಿರುವರು. ಇದೆಂತಹ ಹುಚ್ಚು ಎಂದು ನೀವು ಕೇಳಬಹುದು. ಕಾಡ್ ತಣ್ಣೀರಿನ ಮೀನು. ಚಳಿ ಬಲಿತ ಮೇಲೆಯೇ ಅದು ಅಲ್ಲಿನ ದಡದ ಸಮೀಪಕ್ಕೆ ಬರುವುದು. ಬಿರುಗಾಳಿ ಅಡಗಿದ ತರುವಾಯ, ಕದಡಿದ ನೀರಿನಲ್ಲಿ, ಗಲ್ಲದ ಒಂಟಿ ಮೀಸೆಯಿಂದ ತಳವನ್ನು ತಡವಿ ಆಹಾರವನ್ನರಸುವುದು.

ಇಳಿತದ ವೇಳೆ ಉಸುಕಿನಿಂದ ಅಗೆದು ತೆಗೆದ ಹುಳುವೇ ಎರೆ. ಗಾಳದ ಕೋಲು ಸುಮಾರು 12 ಅಡಿ; ಸೀಸದ ಗುಂಡು ಐದಾರು ಔನ್ಸು. ಗುಂಡಿಗಿರುವ ತಂತಿಯ ಕೊಕ್ಕೆಗಳು ಸೆಳವಿನಲ್ಲಿಯೂ ತಳವನ್ನು ಕಚ್ಚಿ ಹಿಡಿಯುವುವು. ಬೀಸುವ ರಭಸಕ್ಕೆ ದಾರ ಹರಿದರೆ ಆ ಸೀಸ ನೆರೆಯವನ ಪ್ರಾಣಕ್ಕೇ ಎರವಾದೀತು. ಆದುದರಿಂದ ಮುಂಭಾಗಕ್ಕೆ ಗಟ್ಟಿ ದಾರವನ್ನು ಕಟ್ಟುವರು. ಔನ್ಸೊಂದಕ್ಕೆ 10 ಪೌಂಡಿನ ಬಲವೆಂಬುದು ರೂಢಿಯ ಲೆಕ್ಕ. ಸಿಕ್ಕಿದ ಮೀನನ್ನು ಜಗ್ಗಾಡದೆ, ಮುನ್ನುಗ್ಗುವ ತೆರೆಯೊಡನೆ ದಡಕ್ಕೆ ತರಬೇಕು.

ಕಡಲಿನ ಭಂಡಾರ ಅಕ್ಷಯವಲ್ಲ. ಮಿತಿಮೀರಿದ ಬೇಟೆಯಿಂದ ನ್ಯೂಫೌಂಡ್‌ಲೆಂಡಿನ ಕಾಡ್ ಸಂತತಿ ಕುಸಿದು, 1992ರಲ್ಲಿ ಅಲ್ಲಿನ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಸಾವಿರಾರು ಮನೆಗಳು ಜೀವನೋಪಾಯವನ್ನು ಕಳೆದುಕೊಂಡವು. ಇಂಗ್ಲೆಂಡಿನ ತೀರದಲ್ಲಿಯೂ ಕಾಡ್ ಈಗ ವಿರಳ. ಬಲಿಯದ ಮೀನನ್ನು ಮೆಲ್ಲನೆ ಮರಳಿ ನೀರಿಗೆ ಬಿಡುವ ಕೈಯೇ ಮುಂದಿನ ಮಾಗಿಗೆ ಮೀನನ್ನು ಉಳಿಸುವ ಕೈ.